‘ಇಲ್ಲ’ಗಳ ಮೇಲೆ ಎಳೆದ ಗೆರೆ

ನನ್ನ ಪಾಲಿಗೆ ಕೊನೆಯ ಸಾಮಾನ್ಯ ದಿನವೆಂದರೆ ದೀಪಾವಳಿ ಕಳೆದು ಮುಂದಿನ ವಾರ ಬಂದ ಸಂತೆಯ ದಿನ. ಶಿರಸಿಯಲ್ಲಿ ಒಂದು ಆಸ್ಪತ್ರೆಯ ಗೇಟಿನ ಎದುರು ನನ್ನ ಜೆರಾಕ್ಸ್ ಅಂಗಡಿ ಇದೆ. ಬೋರ್ಡಿನಲ್ಲಿ ಜೆರಾಕ್ಸ್ ಎಂದಿದ್ದರೂ ಅರ್ಧ ದಿನ ನಾನು ಮಾಡುವುದು ಅರ್ಜಿ ತುಂಬುವ ಕೆಲಸ. ಓದು ಬರಹ ಬಾರದವರು, ಬಂದರೂ ಕನ್ನಡಕ ಮನೆಯಲ್ಲಿ ಬಿಟ್ಟು ಬಂದವರು, ಆಸ್ಪತ್ರೆಯ ಕಾಗದ ಎಂದ ಕೂಡಲೇ ಹೆದರುವವರು ನನ್ನ ಬೆಂಚಿನ ಮೇಲೆ ಸಾಲಾಗಿ ಕೂತಿರುತ್ತಾರೆ. ನಾನು ಪಿಯುಸಿ ಎರಡನೇ ವರ್ಷದಲ್ಲಿ ಓದು ಬಿಟ್ಟವನು. ಅವರ ಮಟ್ಟಿಗೆ ಅಷ್ಟು ಸಾಕಿತ್ತು.

ಆ ದಿನ ಹನ್ನೊಂದರ ಹೊತ್ತಿಗೆ ನನ್ನ ಹೆಂಡತಿ ಇನ್ನೂ ಮೂವರು ಹೆಂಗಸರ ಜೊತೆ ಅಂಗಡಿಗೆ ಬಂದಳು. ನಾಲ್ವರೂ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುವವರು. ನಾವು ಬನವಾಸಿ ಕಡೆಯವರು. ಆ ಕೈ ರೊಟ್ಟಿ ಶಿರಸಿಯಲ್ಲಿ ಎಲ್ಲರಿಗೂ ಬರುವುದಿಲ್ಲ. ಹೋಟೆಲು, ಖಾನಾವಳಿಗಳಲ್ಲಿ ಅಡುಗೆ ಮುಟ್ಟುವವರಿಗೆಲ್ಲ ಆರೋಗ್ಯದ ಸರ್ಟಿಫಿಕೇಟು ಇರಲೇಬೇಕೆಂದು ಆ ವರ್ಷ ಬಿಗಿ ಮಾಡಿದ್ದರು. ಅದೇ ವಾರ ಆಸ್ಪತ್ರೆಯ ಸಭಾಂಗಣದಲ್ಲಿ ಒಂದು ತಪಾಸಣಾ ಶಿಬಿರ ನಡೆಯುತ್ತಿತ್ತು. ಶಿಬಿರದವರೇ ಸರ್ಟಿಫಿಕೇಟನ್ನೂ ಕೊಡುತ್ತಿದ್ದರು. ಅದಕ್ಕೆ ಮೊದಲು ಒಂದು ಹಾಳೆ ತುಂಬಬೇಕು. ಮೂವತ್ತೆರಡು ಪ್ರಶ್ನೆಗಳು, ಪ್ರತಿಯೊಂದರ ಎದುರಿಗೆ ‘ಹೌದು’ ಎಂಬ ಒಂದು ಚೌಕ, ‘ಇಲ್ಲ’ ಎಂಬ ಒಂದು ಚೌಕ.

ಅಂಥ ಹಾಳೆ ತುಂಬಲು ನನ್ನದೊಂದು ಪದ್ಧತಿ ಇತ್ತು. ಹೆಸರು, ಊರು, ವಯಸ್ಸು ಬರೆದು, ಸ್ಕೇಲು ಇಟ್ಟು, ‘ಇಲ್ಲ’ ಎಂಬ ಚೌಕಗಳ ಮೇಲೆ ಮೇಲಿನಿಂದ ಕೆಳಗಿನವರೆಗೆ ಒಂದೇ ಗೆರೆ ಎಳೆಯುತ್ತಿದ್ದೆ. ಆಸ್ಪತ್ರೆಯ ಕೌಂಟರಿನಲ್ಲಿ ಅದನ್ನು ಒಪ್ಪುತ್ತಿದ್ದರು. ಇದನ್ನು ನಾನು ಸೋಮಾರಿತನದಿಂದ ಶುರುಮಾಡಿದ್ದಲ್ಲ. ಹಿಂದೊಮ್ಮೆ ಒಬ್ಬ ಮುದುಕನ ಹಾಳೆಯಲ್ಲಿ ‘ಕೆಮ್ಮು ಇದೆಯೇ’ ಎಂಬುದಕ್ಕೆ ಹೌದು ಎಂದು ಗುರುತು ಹಾಕಿದ್ದೆ. ಹೌದು ಎಂದು ಒಂದು ಗುರುತು ಬಿದ್ದರೂ ಬೇರೆ ಸಾಲಿಗೆ ಕಳಿಸುತ್ತಾರೆ, ಬೇರೆ ದಿನ ಬನ್ನಿ ಎನ್ನುತ್ತಾರೆ. ಆ ಮುದುಕ ಸಾಲಿನಲ್ಲಿ ನಿಂತು ಕೊನೆಯ ಬಸ್ಸು ತಪ್ಪಿಸಿಕೊಂಡ. ಮರುದಿನ ಬೆಳಿಗ್ಗೆ ನಾನು ಬಾಗಿಲು ತೆಗೆಯುವಾಗ ನನ್ನ ಬೆಂಚಿನ ಮೇಲೇ ಮುದುಡಿಕೊಂಡಿದ್ದ. ಬೈಯಲೂ ಇಲ್ಲ. ಅಂದಿನಿಂದ ನಾನು ಗೆರೆ ಎಳೆಯತೊಡಗಿದೆ. ಜನರಿಗೆ ಅದು ಹಿಡಿಸಿತು. “ಇವರ ಕಡೆ ಬರ್ಸಿದ್ರ ಒಂದ ಸಲಕ್ಕ ಪಾಸು” ಎಂದು ಒಬ್ಬರಿಗೊಬ್ಬರು ಹೇಳಿ ಕಳಿಸುತ್ತಿದ್ದರು. ಆ ಹಾಳೆಯನ್ನು ಅವರು ಪರೀಕ್ಷೆ ಎಂದು ತಿಳಿದಿದ್ದರು. ತಮ್ಮ ಮೈಯ ಬಗ್ಗೆ ಯಾರೋ ಕೇಳುತ್ತಿದ್ದಾರೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ನನಗೂ ಅನ್ನಿಸಿರಲಿಲ್ಲ.

“ನಮ್ದು ಲಗೂ ಮಾಡಿಕೊಡ್ರಿ, ಹಿಟ್ಟು ನಾದಿಟ್ಟು ಬಂದೇವಿ,” ಎಂದಳು ಬಂದವರಲ್ಲಿ ಹಿರಿಯಳು. “ನಿಮ್ಮ ಹೇಣ್ತಿದು ಮೊದಲ ಬರದು ನಮ್ಮನ್ನ ಹಿಂದ ಕುಂಡ್ರಿಸಿದ್ರ ನೋಡ್ರಿ, ನಾಳಿಂದ ನಿಮ್ಮ ಬುತ್ತಿಗೆ ಸುಟ್ಟ ರೊಟ್ಟೀನ.”

“ಸುಟ್ಟದ್ದ ತಿನ್ನಾಕ ಹತ್ತಿ ಇಪ್ಪತ್ತಾರು ವರ್ಷ ಆತು,” ಎಂದಳು ನನ್ನ ಹೆಂಡತಿ. “ಅವರಿಗೆ ಗೊತ್ತ ಆಗಂಗಿಲ್ಲ ಬಿಡ.”

ಬೆಂಚಿನ ಮೇಲಿದ್ದವರೂ ನಕ್ಕರು. ನಾನು ಮೂವರದನ್ನು ಮುಗಿಸಿ ಅವಳ ಹಾಳೆ ತೆಗೆದುಕೊಂಡೆ. ಅವಳು ಮೂರನೇ ಇಯತ್ತೆಯವರೆಗೆ ಶಾಲೆಗೆ ಹೋದವಳು. ರುಜು ಹಾಕುತ್ತಿದ್ದಳು, ಬಸ್ಸಿನ ಬೋರ್ಡು ಓದುತ್ತಿದ್ದಳು. ಇಷ್ಟು ಒತ್ತಾದ ಅಕ್ಷರಗಳ ಹಾಳೆ ಅವಳಿಗೆ ಓದಲು ಬರುತ್ತಿರಲಿಲ್ಲ. ಕೌಂಟರಿನ ಮೇಲೆ ಬಗ್ಗಿ ಕೇಳಿದಳು:

“ಇದ್ರಾಗ ಏನೇನ್ ಕೇಳ್ಯಾರ?”

“ಎಲ್ಲಾ ಸುಮ್ನ. ಬಿಪಿ, ಶುಗರ್, ಕೆಮ್ಮು, ಅಂಥಾವ.”

“ಅಷ್ಟನ?”

“ಅಷ್ಟ.”

ನಾನು ಸ್ಕೇಲು ಇಟ್ಟು ಗೆರೆ ಎಳೆದೆ. ಹತ್ತೊಂಬತ್ತನೆಯ ಪ್ರಶ್ನೆ ಹೀಗಿತ್ತು: ಎದೆಯ ಭಾಗದಲ್ಲಿ ಗಂಟು, ಆಕಾರದಲ್ಲಿ ಬದಲಾವಣೆ ಅಥವಾ ಸ್ರಾವ ಕಂಡುಬಂದಿದೆಯೇ? ಅದು ನನಗೆ ಗೊತ್ತಿತ್ತು. ಆ ಹಾಳೆಯನ್ನು ಆ ವಾರ ಎಷ್ಟೋ ಸಲ ಜೆರಾಕ್ಸ್ ಮಾಡಿದ್ದೆ. ಪಕ್ಕದಲ್ಲಿ ಆರೇಳು ಜನ ಕೂತಿರುವಾಗ, ಅದರಲ್ಲಿ ಗಂಡಸರೂ ಇರುವಾಗ, ನನ್ನ ಹೆಂಡತಿಗೆ ಅದನ್ನು ಓದಿ ಹೇಳುವ ಯೋಚನೆ ನನಗೆ ಬರಲೇ ಇಲ್ಲ. ಅವಳು ಇನ್ನೂ ಏನೋ ಕೇಳುವವಳಂತೆ ಒಂದು ಗಳಿಗೆ ನಿಂತಿದ್ದಳು ಎಂದು ಈಗ ಅನ್ನಿಸುತ್ತದೆ. ನಿಜವಾಗಿ ನಿಂತಿದ್ದಳೋ, ಈಗ ನಾನೇ ನಿಲ್ಲಿಸಿಕೊಳ್ಳುತ್ತಿದ್ದೇನೋ, ಹೇಳಲಾರೆ.

ಮಧ್ಯಾಹ್ನದ ಹೊತ್ತಿಗೆ ನಾಲ್ವರಿಗೂ ಸರ್ಟಿಫಿಕೇಟು ಸಿಕ್ಕಿತು. ಸಂಜೆ ಅವಳು ಸಂತೆಯಿಂದ ಮೆಂತ್ಯ ಸೊಪ್ಪು ತಂದಳು. ಅದಕ್ಕಿಂತ ಹೆಚ್ಚಿನದೇನೂ ಆ ದಿನ ನಡೆಯಲಿಲ್ಲ.

ಯುಗಾದಿಯ ಮರುವಾರ, ಅವಳು ಬಟ್ಟೆ ಒಣಹಾಕಲು ಕೈ ಎತ್ತಿದಾಗ ಕುಪ್ಪಸದ ಎಡಭಾಗದಲ್ಲಿ ಒದ್ದೆಯ ಕಲೆ ಕಂಡೆ. ನೀರು ಎಂದುಕೊಂಡೆ. ಎರಡು ದಿನ ಬಿಟ್ಟು ಮತ್ತೆ ಕಂಡೆ. ಕೇಳಿದ್ದಕ್ಕೆ ಅವಳು ಒಳಗೆ ಹೋದಳು. ಹೋದವಳು ಬಾಗಿಲು ಹಾಕಿಕೊಳ್ಳಲಿಲ್ಲ. ನಾನೂ ಹಿಂದೆ ಹೋದೆ. ಆಗ ತೋರಿಸಿದಳು.

ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಅಲ್ಲಿ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು ನೋಡುವ ಮೊದಲು ಒಬ್ಬ ನರ್ಸ್ ಬಂದು ಕುರ್ಚಿ ಎಳೆದುಕೊಂಡು ನನ್ನ ಹೆಂಡತಿಯ ಎದುರು ಕೂತಳು. ಅವಳ ಕೈಯಲ್ಲೂ ಒಂದು ಹಾಳೆ ಇತ್ತು.

“ಅಕ್ಕಾರ, ಓದಾಕ ಬರ್ತದೇನ್ರಿ?”

“ಇಲ್ರಿ.”

“ಹಂಗಾರ ನಾ ಓದ್ತೀನಿ, ನೀವು ಹೇಳ್ರಿ. ಯಜಮಾನ್ರ, ನೀವು ನಡುವ ಬಾಯಿ ಹಾಕಬ್ಯಾಡ್ರಿ ಮತ್ತ.”

ನಾನು ಗೋಡೆಗೆ ಒರಗಿ ನಿಂತೆ. ನರ್ಸ್ ಒಂದೊಂದೇ ಪ್ರಶ್ನೆ ಓದಿದಳು. ಅರ್ಥವಾಗದಿದ್ದರೆ ಬೇರೆ ಮಾತಿನಲ್ಲಿ ಕೇಳಿದಳು. ನನ್ನ ಹೆಂಡತಿ ಯಾವುದಕ್ಕೂ ಅವಸರ ಮಾಡಲಿಲ್ಲ.

“ಮೆಟ್ಟಲ ಹತ್ತುವಾಗ ದಮ್ಮು ಹತ್ತತೈತೇನ್ರಿ?”

“ಹತ್ತತೈತ್ರಿ. ಎರಡು ಸಲ ಕುಂತು ಹತ್ತತೀನಿ.”

“ನಿದ್ದಿ?”

“ಎರಡರ ಸುಮಾರಿಗೆ ಎಚ್ಚರ ಆಗತೈತ್ರಿ. ಆಮ್ಯಾಲ ಬರಂಗಿಲ್ಲ.”

“ಎಷ್ಟು ದಿನಾ ಆತು?”

“ಮಗಳನ್ನ ಮದುವಿ ಮಾಡಿಕೊಟ್ಟಾಗಿಂದ.”

ಮಗಳನ್ನು ಹಾನಗಲ್ ಕಡೆ ಕೊಟ್ಟು ಆರು ವರ್ಷವಾಗಿತ್ತು. ಆರು ವರ್ಷ ನಾನು ಅವಳ ಪಕ್ಕದಲ್ಲೇ ಮಲಗಿದ್ದೆ. ಬಲಗಿವಿ ಸ್ವಲ್ಪ ಮಂದವಾಗಿದೆ ಎಂದಳು. ಹುಳಿ ತಿಂದರೆ ಎದೆ ಉರಿಯುತ್ತದೆ ಎಂದಳು. ನಾನು ದಿನವೂ ಹುಳಿ ಸಾರು ಬೇಕೆನ್ನುತ್ತಿದ್ದೆ. ಒಂದು ಹಾಳೆಯ ಪ್ರಶ್ನೆಗಳು ಮುಗಿಯುವಷ್ಟರಲ್ಲಿ, ಇಷ್ಟು ವರ್ಷ ನನಗೆ ಗೊತ್ತಿಲ್ಲದ ಒಬ್ಬ ಹೆಂಗಸು ಆ ಕುರ್ಚಿಯ ಮೇಲೆ ಕೂತಿದ್ದಳು. ಪ್ರತಿಯೊಂದಕ್ಕೂ ಅವಳ ಹತ್ತಿರ ಉತ್ತರವಿತ್ತು. ಯಾರೂ ಕೇಳಿರಲಿಲ್ಲ, ಅಷ್ಟೆ.

ಆಮೇಲೆ ನರ್ಸ್ ಕೇಳಿದಳು: “ಈ ಗಂಟು ಮೊದಲು ಕೈಗೆ ಹತ್ತಿದ್ದು ಯಾವಾಗ್ರಿ?”

ನನ್ನ ಹೆಂಡತಿ ನನ್ನ ಕಡೆ ನೋಡಿದಳು. “ನೆನಪಿಲ್ರಿ,” ಎಂದಳು.

ಮದುವೆಯಾದ ವರ್ಷ ನಾನು ಯಾವ ಬಣ್ಣದ ಅಂಗಿ ಹಾಕುತ್ತಿದ್ದೆ ಎಂಬುದು ನೆನಪಿದ್ದವಳು ಅವಳು. ನರ್ಸ್ ಏನೋ ಬರೆದುಕೊಂಡಳು. ಡಾಕ್ಟರು ನನ್ನನ್ನು ಹೊರಗೆ ಕರೆದು, ಇದು ನಿನ್ನೆ ಮೊನ್ನೆಯದಲ್ಲ, ಆರು ತಿಂಗಳೂ ಇರಬಹುದು, ಎರಡು ವರ್ಷವೂ ಇರಬಹುದು, ಇಂಥ ದಿನದಿಂದ ಎಂದು ಹೇಳಲಾಗದು ಎಂದರು. ಸಂತೆಯ ದಿನದಂದು ನಾನು ಗೆರೆ ಎಳೆದು ಆಗ ಐದು ತಿಂಗಳಾಗಿತ್ತು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅದನ್ನೇ ಲೆಕ್ಕ ಹಾಕಿದೆ. ಆ ದಿನ ಗಂಟು ಇತ್ತೇ? ಇದ್ದರೆ, ಅದು ಅವಳಿಗೆ ಗೊತ್ತಿತ್ತೇ? ಗೊತ್ತಿದ್ದೇ ‘ಏನೇನ್ ಕೇಳ್ಯಾರ’ ಎಂದು ಕೇಳಿದಳೇ? ಓದಿ ಹೇಳಿದ್ದರೆ ಹೌದು ಎನ್ನುತ್ತಿದ್ದಳೇ? ಆ ಐದು ತಿಂಗಳು ಸಿಕ್ಕಿದ್ದರೆ ಸಾಕಾಗುತ್ತಿತ್ತೇ ಎಂದು ಡಾಕ್ಟರನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ. ಅವಳನ್ನಾದರೂ ಕೇಳಬಹುದು ಎಂದುಕೊಂಡೆ.

ಮೂರು ಸಲ ಕೇಳಿದೆ. ಮೊದಲನೇ ಸಲ, ಕೂದಲು ಉದುರುತ್ತಿದ್ದ ದಿನಗಳಲ್ಲಿ, “ಬಿಡ್ರಿ ಅದನ್ನ,” ಎಂದಳು. ಎರಡನೇ ಸಲ ಸ್ವಲ್ಪ ಗೆಲುವಾಗಿದ್ದಳು. ಬಾಗಿಲ ಬಳಿ ಬಿಸಿಲಿಗೆ ಕೂತು ಶೇಂಗಾ ಸುಲಿಯುತ್ತಿದ್ದಳು. “ತಾರೀಕು ತಗೊಂಡು ಏನ್ ಮಾಡ್ತೀರಿ? ಅಂಗಡಿ ಮುಂದ ಬೋರ್ಡ್ ಬರಸ್ತೀರೇನು?” ಎಂದು ನನ್ನ ಕೈಗೂ ಒಂದು ಹಿಡಿ ಶೇಂಗಾ ಹಾಕಿದಳು. ಮೂರನೇ ಸಲ ಕೇಳಿದಾಗ ಕಣ್ಣು ಮುಚ್ಚಿಕೊಂಡಳು. ನಿದ್ದೆ ಬಂದಿರಲಿಲ್ಲ. ರೆಪ್ಪೆ ಅಲುಗುತ್ತಿತ್ತು. ಅವಳು ನನ್ನನ್ನು ಉಳಿಸಲು ಸುಮ್ಮನಿದ್ದಳೋ, ಅವಳಿಗೇ ಗೊತ್ತಿರಲಿಲ್ಲವೋ. ಮುಂದಿನ ದೀಪಾವಳಿಗೆ ಅವಳಿರಲಿಲ್ಲ.

ಹೇಳಲು ನಾಚಿಕೆಯಾಗುವ ಮಾತೊಂದಿದೆ. ಅವಳು ಹೋದ ಮೇಲೂ ನಾನು ಗೆರೆ ಎಳೆಯುತ್ತಲೇ ಇದ್ದೆ. ಕಾರ್ಯಗಳು ಮುಗಿದು ಅಂಗಡಿ ತೆರೆದ ದಿನವೇ ಬೆಂಚು ತುಂಬಿತ್ತು. ಎಲ್ಲರಿಗೂ ಬಸ್ಸಿತ್ತು. ಕೈ ತಾನಾಗಿ ಸ್ಕೇಲು ಹುಡುಕಿತು.

ಹಾಗೆ ಒಂದು ವರ್ಷದ ಮೇಲೆ ಕಳೆದಿರಬೇಕು, ಒಬ್ಬ ಹುಡುಗಿ ಅಂಗಡಿಗೆ ಬರತೊಡಗಿದಳು. ಯಲ್ಲಾಪುರ ಕಡೆಯವಳು, ಮೂವತ್ತರ ಒಳಗಿನವಳು. ಓದು ಬಾರದ ರೋಗಿಗಳಿಗೆ ಅರ್ಥವಾಗುವ ಹಾಗೆ ಆರೋಗ್ಯದ ಪ್ರಶ್ನೆಗಳನ್ನು ತಿದ್ದುವ ಒಂದು ಯೋಜನೆಯಲ್ಲಿ ಅವಳಿಗೆ ಕೆಲಸ. ಚಿತ್ರಗಳನ್ನು ಜೆರಾಕ್ಸ್ ಮಾಡಿಸಲು ಬರುತ್ತಿದ್ದಳು. ಒಂದು ದಿನ ಅವಳು ಕಾಯುತ್ತಿರುವಾಗ ನಾನು ಯಾರದೋ ಅಂಥದೇ ಹಾಳೆಯ ಮೇಲೆ ಗೆರೆ ಎಳೆದೆ.

“ಎಂತ ಮಾರಾಯ್ರೇ ಇದು?” ಎಂದಳು. “ಮೂವತ್ತೆರಡು ಪ್ರಶ್ನೆಗೆ ಒಂದೇ ಗೆರೆಯಾ?”

ಬೈಯುತ್ತಾಳೆ ಎಂದುಕೊಂಡೆ. ಅವಳು ಬೈಯಲಿಲ್ಲ. ಬೆಂಚಿನ ಮೇಲೆ ಕೂತು, ಯಾಕೆ, ಎಂದಿನಿಂದ, ಎಲ್ಲರೂ ಹೀಗೇ ಮಾಡುತ್ತಾರಾ ಎಂದು ಕೇಳಿದಳು. ಬಸ್ಸು ತಪ್ಪಿದ ಮುದುಕನ ಸಂಗತಿ ಹೇಳಿದೆ. ಪಾಸು ಎಂಬ ಮಾತನ್ನೂ ಹೇಳಿದೆ. ಹೆಂಡತಿಯ ವಿಷಯ ಹೇಳಲಿಲ್ಲ. ಅವಳು ಫೋನು ತೆಗೆದು ತನ್ನ ಮೇಲಿನವರಿಗೆ ಹವ್ಯಕ ಕನ್ನಡದಲ್ಲಿ ಹೇಳುತ್ತಿದ್ದುದು ನನಗೂ ಕೇಳಿಸಿತು: “ಹಾಂಗಲ್ಲ, ಚಿತ್ರ ಹಾಕಿರೆ ಸಾಕಾಗ್ತಿಲ್ಲೆ. ಒಂದು ಪುಟಕ್ಕೆ ಒಂದೇ ಪ್ರಶ್ನೆ ಹಾಕವು. ಆವಾಗ ಗೆರೆ ಎಳೆಯಲೆ ಆಗ್ತಿಲ್ಲೆ.”

ಮುಂದೆ ಅವಳು ತಿದ್ದಿದ ಪ್ರಶ್ನೆಗಳನ್ನು ಹಳ್ಳಿಗಳಲ್ಲಿ ಕೇಳಿ ನೋಡಲು ಹೋಗುವಾಗ ಭಾನುವಾರಗಳಲ್ಲಿ ನನ್ನನ್ನೂ ಕರೆದಳು. ಜನ ಹೇಗೆ ತಪ್ಪಿಸಿಕೊಳ್ಳುತ್ತಾರೆ ಎಂಬುದು ನನಗೆ ಗೊತ್ತಿದೆ ಎಂಬುದು ಅವಳ ಲೆಕ್ಕ. ಮನೆಯಲ್ಲಿ ಕೂರುವುದಕ್ಕಿಂತ ಅದು ಒಳ್ಳೆಯದೆಂದು ನಾನೂ ಹೋದೆ.

ಸಿದ್ದಾಪುರದಿಂದಾಚೆ ಬಿಳಗಿಯಲ್ಲಿ ಒಬ್ಬ ಅಜ್ಜಿಗೆ ಆರು ಮುಖಗಳ ಚಿತ್ರ ತೋರಿಸಿದಳು. ಮೊದಲನೆಯದು ನಗುವ ಮುಖ, ಕೊನೆಯದು ಅಳುವ ಮುಖ. ಸೊಂಟದ ನೋವು ಎಷ್ಟಿದೆ, ಬೆರಳಿಟ್ಟು ತೋರಿಸಿ ಎಂದಳು. ಎದ್ದು ನಿಲ್ಲಲು ಎರಡು ಕೈಯ ಆಸರೆ ಬೇಕಿದ್ದ ಅಜ್ಜಿ ನಗುವ ಮುಖದ ಮೇಲೆ ಬೆರಳಿಟ್ಟಳು.

“ಅಮಾ, ನೋವು ಇಲ್ಲೆ ಹೇಳಿ ಆಗ್ತಲೇ ಇದಕ್ಕೆ?”

“ಹೀಂಗಿರವು ಹೇಳಿ ಆಸೆ, ತಂಗಿ,” ಎಂದಳು ಅಜ್ಜಿ. “ಅಳೋ ಮುಖನ ಮುಟ್ಟಿ ಎಂತಕ್ಕೆ ಇನ್ನೊಂದು ಹಚ್ಕಳದು? ಅದು ಬ್ಯಾಡ.”

ಮುಖದ ಬದಲು ಅಂಕಿ ಇಟ್ಟರು. ನೋವು ಒಂದರಿಂದ ಹತ್ತರವರೆಗೆ ಎಷ್ಟು ಎಂದು ಕೇಳುವುದು. ಯಲ್ಲಾಪುರ ತಾಲೂಕಿನ ಉಮ್ಮಚಗಿಯಲ್ಲಿ ಮೊಣಕಾಲು ನೋವಿನ ಒಬ್ಬ ಟೈಲರ್ ಹತ್ತಕ್ಕೆ ಎರಡು ಎಂದ. ಹುಡುಗಿ ಎರಡು ಎಂದು ಬರೆದುಕೊಂಡಳು. ನಮಗೆ ನೀರು ಕೊಡಲು ಎದ್ದವನು ಕಂಬ ಹಿಡಿದು ಹಲ್ಲು ಕಚ್ಚಿ ನಿಂತುಬಿಟ್ಟ.

“ಬರೀ ಎರಡು ಅಂದ್ರಲ್ಲ?” ಎಂದಳು ಅವಳು.

“ಹತ್ತಕ್ಕೆ ಎರಡು ಬಂದ್ರೆ ಯಾವ ಮಾಸ್ತರು ಪಾಸ್ ಮಾಡ್ತಾರೆ ಹೇಳಿ? ಫೇಲೇ ಅಲ್ದಾ? ನಂದು ಈ ಕಾಲು ಫೇಲಾಗಿ ನಾಕು ವರ್ಷ ಆಯ್ತು.”

ಅವಳು ನಕ್ಕಳು, ಆಮೇಲೆ ಪೆನ್ನು ಕೆಳಗಿಟ್ಟು ತನ್ನ ಪುಸ್ತಕದ ಹಿಂದಿನ ಪುಟಗಳನ್ನು ತಿರುವತೊಡಗಿದಳು. ಮಾರ್ಕು ಎಂದರೆ ಹೆಚ್ಚು ಬಂದಷ್ಟು ಒಳ್ಳೆಯದು ಎಂಬುದು ಎಲ್ಲರಿಗೂ ಗೊತ್ತು. ಹಿಂದಿನ ತಿಂಗಳುಗಳಲ್ಲಿ ಎಷ್ಟು ಜನ ಹೀಗೆ ಎರಡು, ಮೂರು ಎಂದಿದ್ದರೋ, ಅವರೆಲ್ಲ ಅವಳ ಪುಸ್ತಕದಲ್ಲಿ ಆರಾಮಾಗಿದ್ದರು.

ಕೆಲವು ಸರಿಹೋದವು ಕೂಡ. ‘ಕಳೆದ ಎರಡು ವಾರಗಳಿಂದ’ ಎಂದಲ್ಲಿ ‘ಎರಡು ಸಂತೆ ಹಿಂದಿಂದ’ ಎಂದು ಹಾಕಿದಾಗ ಜನ ಬೆರಳು ಮಡಚಿ ಸರಿಯಾಗಿ ಹೇಳಿದರು. ಅದು ನಾನು ಹೇಳಿಕೊಟ್ಟಿದ್ದು. ಆದರೆ ಹತ್ತೊಂಬತ್ತನೆಯದು ಎಲ್ಲೂ ಸರಿಹೋಗಲಿಲ್ಲ. ಎದೆಯ ಮೇಲೆ ಕೈಯಿಟ್ಟುಕೊಂಡ ಹೆಂಗಸಿನ ಚಿತ್ರ ಬರೆಸಿದ್ದರು. ಹುಲೇಕಲ್ಲಿನ ಒಂದು ಮನೆಯಲ್ಲಿ ಅತ್ತೆ ಅದನ್ನು ನೋಡಿ, “ಇದೆಂತ, ಹಾಲು ಕುಡ್ಸದಾ? ನಮ್ಮನೆಲಿ ಈಗ ಕೂಸು ಇಲ್ಲೆ,” ಎಂದು ಪುಟ ಮಗುಚಿದಳು. ಪ್ರಶ್ನೆ ಇದ್ದದ್ದು ಸೊಸೆಗೆ. ಚಿತ್ರ ಬೇಡವೆಂದು ಧ್ವನಿ ಮಾಡಿದರು. ಫೋನಿನಲ್ಲಿ ಒಬ್ಬ ಹೆಂಗಸು ಪ್ರಶ್ನೆ ಕೇಳುತ್ತಾಳೆ, ರೋಗಿ ಕಿವಿಗೆ ಇಯರ್‌ಫೋನ್ ಇಟ್ಟುಕೊಂಡು ಕೇಳಿಸಿಕೊಂಡು, ಹೌದಾದರೆ ಒಂದು ಗುಂಡಿ, ಇಲ್ಲವಾದರೆ ಇನ್ನೊಂದು ಗುಂಡಿ ಒತ್ತಬೇಕು. ಯಾರಿಗೂ ಕೇಳಿಸಬಾರದು ಎಂಬ ಉದ್ದೇಶ. ಅದೇ ಮನೆಗೆ ಮತ್ತೆ ಹೋದೆವು. ಇಯರ್‌ಫೋನಿಗೆ ಎರಡು ತುದಿ ಇರುತ್ತವಲ್ಲ. ಒಂದನ್ನು ಸೊಸೆಯ ಕಿವಿಗೆ ಕೊಟ್ಟ ಕೂಡಲೇ ಅತ್ತೆ ಇನ್ನೊಂದನ್ನು ತನ್ನ ಕಿವಿಗೆ ಇಟ್ಟುಕೊಂಡಳು. “ಅದಕ್ಕೆ ಎಂತ ಗೊತ್ತಾಗ್ತಿಲ್ಲೆ, ಆನು ಹೇಳ್ತೆ,” ಎಂದಳು. ಹತ್ತೊಂಬತ್ತು ಬಂದಾಗ ಗುಂಡಿ ಒತ್ತಿದ್ದು ಅತ್ತೆಯ ಬೆರಳು.

ಕೊನೆಗೆ ಹುಡುಗಿ ಚಿತ್ರ, ಫೋನು ಎರಡನ್ನೂ ಬದಿಗಿಟ್ಟಳು. ಹೆಂಗಸೊಬ್ಬಳನ್ನೇ ಒಳಕೋಣೆಗೆ ಕರೆದು ಬಾಯಲ್ಲೇ ಕೇಳತೊಡಗಿದಳು. ಆಗ ನಾನು ಹೊರಗೆ ಜಗುಲಿಯ ಮೇಲಿರುತ್ತಿದ್ದೆ. ಬಾಗಿಲು ಮುಚ್ಚುವ ಮೊದಲು ಒಂದು ಸಲ ಅವಳ ಪ್ರಶ್ನೆ ನನಗೆ ಕೇಳಿಸಿತು: “ಮೈ ತೊಳೆಯುವಾಗ ಇಲ್ಲಿ ಹುಣಸೆ ಬೀಜದ ಹಾಗೆ ಕೈಗೆ ಏನಾದ್ರೂ ಸಿಕ್ಕಿತ್ತಾ?” ಅಷ್ಟೇ ಮಾತು. ಮೂರನೇ ಇಯತ್ತೆ ಓದಿದವಳಿಗೂ, ಶಾಲೆಯ ಮುಖ ನೋಡದವಳಿಗೂ ಗೊತ್ತಾಗುವಂಥದು. ಅದನ್ನು ನಾನು ಕೌಂಟರಿನ ಮೇಲೆ ಬಗ್ಗಿ ನನ್ನ ಹೆಂಡತಿಯ ಕಿವಿಯಲ್ಲಿ ಕೇಳಬಹುದಿತ್ತು. ಮನೆಗೆ ಹೋಗಿ ಕೇಳಬಹುದಿತ್ತು. ಜಗುಲಿಯಿಂದ ಎದ್ದು ರಸ್ತೆಯವರೆಗೆ ನಡೆದುಹೋದೆ. ಹುಡುಗಿ ಹೊರಬಂದು ನನ್ನನ್ನು ಹುಡುಕಿ, “ಎಂತಾಯ್ತು?” ಎಂದಾಗ ತಲೆನೋವು ಎಂದೆ.

ತಿದ್ದಿದ ಪ್ರಶ್ನೆಗಳ ಪುಸ್ತಕ ಅಚ್ಚಾಗಿ ಬಂತು. ಒಂದು ಪುಟಕ್ಕೆ ಒಂದು ಪ್ರಶ್ನೆ, ದೊಡ್ಡ ಅಕ್ಷರ, ಓದಿ ಹೇಳುವವರು ಹೇಗೆ ಕೇಳಬೇಕೆಂಬ ಮಾತು ಕೆಳಗೆ. ಗೆರೆ ಎಳೆಯಲು ನಿಜಕ್ಕೂ ಬರುತ್ತಿರಲಿಲ್ಲ. ಆದರೆ ಕಂಪ್ಯೂಟರಿಗೆ ಬೇಕಾದದ್ದು ಹಳೆಯ ಒಂದೇ ಹಾಳೆ. ಪುಸ್ತಕದಲ್ಲಿ ತುಂಬಿದ್ದನ್ನು ಯಾರಾದರೂ ಹಾಳೆಗೆ ಇಳಿಸಬೇಕು. ಆಸ್ಪತ್ರೆಯ ಕೌಂಟರಿನವರಿಗೆ ಅದಕ್ಕೆ ಸಮಯವಿರಲಿಲ್ಲ. ಪುಸ್ತಕ ನೋಡದೆಯೇ ಹಾಳೆಯ ಮೇಲೆ ಒಂದು ಗೆರೆ ಎಳೆದು ಪಿನ್ನು ಹೊಡೆಯುತ್ತಿದ್ದುದನ್ನು ನಾನೇ ನೋಡಿದೆ. ನನ್ನ ಪದ್ಧತಿಯನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಅವಸರದಲ್ಲಿರುವ ಕೈಗೆ ಅದು ತಾನಾಗಿ ಬರುತ್ತದೆ ಎಂದು ಕಾಣುತ್ತದೆ. ಕೆಲವು ತಿಂಗಳಲ್ಲಿ ಯೋಜನೆ ಮುಗಿಯಿತು. ಹುಡುಗಿಗೆ ಬೇರೆ ಊರಿನಲ್ಲಿ ಬೇರೆ ಕೆಲಸ ಸಿಕ್ಕಿತು. ಹೋಗುವ ಮೊದಲು ಅಂಗಡಿಗೆ ಬಂದು, “ಎರಡು ವರ್ಷ ತಿರುಗಿದ್ವಲ್ಲ ಮಾರಾಯ್ರೇ, ಯಾರಿಗೆ ಎಂತ ಆಯ್ತು?” ಎಂದಳು. ಸಂತೆಯ ಲೆಕ್ಕ ಚೆನ್ನಾಗಿ ಬಂದಿತ್ತು ಎಂದೆ. ಅವಳು ತಲೆಯಾಡಿಸಿದಳು.

ನಾನು ಈಗ ಗೆರೆ ಎಳೆಯುವುದಿಲ್ಲ. ಪ್ರತಿ ಪ್ರಶ್ನೆಯನ್ನೂ ಓದುತ್ತೇನೆ, ಅರ್ಥವಾಗುವ ಮಾತಿನಲ್ಲಿ ಕೇಳುತ್ತೇನೆ. ಒಬ್ಬರಿಗೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಬೆಂಚು ಈಗ ಖಾಲಿ ಇರುತ್ತದೆ. ಪಕ್ಕದಲ್ಲಿ ಇನ್ನೊಂದು ಜೆರಾಕ್ಸ್ ಅಂಗಡಿ ಬಂದಿದೆ, ಅವನು ಗೆರೆ ಎಳೆಯುತ್ತಾನೆ. ಅಲ್ಲಿ ಪಾಸು ಬೇಗ. ಬಂದವರೂ, “ಅಣ್ಣಾ, ನೀವು ಹಿಂಗೆ ಓದ್ತಾ ಕೂತ್ರೆ ನಮ್ಮ ಬಸ್ ಹೋಗ್ತದೆ, ಎಲ್ಲಾ ಇಲ್ಲ ಅಂತ ಬರೀರಿ,” ಎನ್ನುತ್ತಾರೆ. ಹತ್ತೊಂಬತ್ತನೆಯದನ್ನು ದನಿ ತಗ್ಗಿಸಿ ಕೇಳುತ್ತೇನೆ. ಪೂರ್ತಿ ಕೇಳುವ ಮೊದಲೇ ಇಲ್ಲ ಎನ್ನುತ್ತಾರೆ. ಗಂಡಸಿನ ಬಾಯಿಂದ ಬರುವ ಮಾತಲ್ಲ ಅದು, ನನಗೂ ಗೊತ್ತು.

ಕಳೆದ ತಿಂಗಳು ಒಬ್ಬ ಹೆಂಗಸು ಮಾತ್ರ ಇಲ್ಲ ಎನ್ನಲಿಲ್ಲ. ಹೌದು ಎಂದೂ ಅನ್ನಲಿಲ್ಲ. ನಲವತ್ತರ ಆಸುಪಾಸಿನವಳು, ಒಬ್ಬಳೇ ಬಂದಿದ್ದಳು. ಹುಣಸೆ ಬೀಜ ಎಂದ ಕೂಡಲೇ ನನ್ನ ಮುಖ ನೋಡಿದಳು. ಕೈ ಚಾಚಿ ಹಾಳೆ ತೆಗೆದುಕೊಂಡು ಮಡಚಿದಳು.

“ತಂಗಿ, ಒಳಗೆ ನರ್ಸ್ ಇದ್ದಾರೆ. ಅವರ ಹತ್ರ ಆದ್ರೂ ಹೇಳಿ,” ಎಂದೆ.

“ಆಯ್ತು,” ಎಂದಳು. ಪಕ್ಕದ ಅಂಗಡಿಗೆ ಹೋದಳು. ಎರಡು ನಿಮಿಷದಲ್ಲಿ ಹೊರಬಂದು ಗೇಟಿನೊಳಗೆ ನಡೆದಳು. ನಾನು ಮತ್ತೆ ಕರೆದೆ. ಅವಳು ತಿರುಗಿ ನೋಡಲಿಲ್ಲ.

ಅಂದು ಅಂಗಡಿ ಬೇಗ ಮುಚ್ಚಿ ನಾನು ಖಾನಾವಳಿಗೆ ಹೋದೆ. ನನ್ನ ಹೆಂಡತಿ ಹೋದ ಮೇಲೆ ಅಲ್ಲಿಗೆ ಕಾಲಿಟ್ಟಿರಲಿಲ್ಲ. ಊಟದ ಹೊತ್ತು ಮುಗಿದಿತ್ತು. ಖಾನಾವಳಿ ನಡೆಸುವ ಅಕ್ಕ ಮೇಜು ಒರೆಸುತ್ತಿದ್ದವಳು “ಬರ್ರಿ ಅಣ್ಣಾರ” ಎಂದು ಕೂರಿಸಿದಳು. ಹನ್ನೊಂದು ವರ್ಷ ನನ್ನ ಹೆಂಡತಿ ಅವಳ ಹತ್ತಿರ ಕೆಲಸ ಮಾಡಿದ್ದಳು. ಸುತ್ತಿಬಳಸದೆ ಕೇಳಿದೆ, ಅವಳು ತನ್ನ ಗಂಟಿನ ಬಗ್ಗೆ ನಿಮಗೆ ಏನಾದರೂ ಹೇಳಿದ್ದಳಾ ಎಂದು.

“ನನಗೇನೂ ಹೇಳಿಲ್ರಿ. ಅಕಿ ಹೇಳು ಪೈಕೀನೂ ಅಲ್ಲ.” ಮೇಜು ಒರೆಸುತ್ತಲೇ ಅಂದಳು: “ಆದ್ರ ಒಂದ್ ಮಾತು. ನಡುವ ರೊಟ್ಟಿ ಬಡಿಯೋದು ಬಿಟ್ಟು ಬೇಯಸಾಕ ಕುಂತ್ಲು. ಎಡಗೈ ಸೋಲತೈತಿ ಅಕ್ಕಾ, ನಾ ಹಂಚಿನ ಮುಂದ ಇರತೀನಿ ಅಂದ್ಲು.”

“ಯಾವಾಗ?”

“ಹೊಸಾ ಒಲಿ ತಂದಿದ್ವಿ ನೋಡ್ರಿ, ಆವಾಗ.”

“ಒಲಿ ಯಾವಾಗ ತಂದ್ರಿ?”

“ದೀಪಾವಳಿ ಸುಮಾರಿಗೆ.”

“ಸರ್ಟಿಫಿಕೇಟ್ ಮಾಡಿಸಾಕ ನಾಕೂ ಮಂದಿ ನನ್ನ ಅಂಗಡಿಗೆ ಬಂದಿದ್ರಲ್ಲ, ಅದಕ್ಕ ಮೊದಲೋ, ಆಮ್ಯಾಲೋ?”

ಅಕ್ಕ ಒರೆಸುವ ಬಟ್ಟೆ ಹಿಡಿದು ನಿಜವಾಗಿಯೂ ಯೋಚಿಸಿದಳು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಕೂಗಿ ಕೇಳಿದಳು. ಅಂದು ಜೊತೆಗೆ ಬಂದಿದ್ದ ಇಬ್ಬರು ಹೆಂಗಸರು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದರು.

“ಮೊದಲರೀ,” ಎಂದಳು ಹಿರಿಯಳು. “ಒಲಿಗೆ ನಾನ ಅರಿಷಿಣ ಕುಂಕುಮ ಹಚ್ಚಿದ್ದೆ, ಪಾಡ್ಯದ ದಿನ.”

“ಏನ್ ಹಚ್ಚಿದ್ದಿ, ಅದು ಹಳೀ ಒಲಿ,” ಎಂದಳು ಇನ್ನೊಬ್ಬಳು. “ಹೊಸಾದು ಬಂದಿದ್ದು ಸರ್ಟಿಫಿಕೇಟ್ ಆದ ಮ್ಯಾಲ. ಅದನ್ನ ನೋಡಾಕ ಬಂದ ಸಾಹೇಬನ ಅಲ್ಲೇನ ಹಳೀ ಒಲಿ ತಗೀರಿ ಅಂದಿದ್ದು?”

“ಸಾಹೇಬ ಅಂದಿದ್ದು ಚಿಮಣಿಗೆ. ನಿನಗ ಒಲಿಗೂ ಚಿಮಣಿಗೂ ಫರಕ ಗೊತ್ತಿಲ್ಲ.”

“ನಿನಗ ಮೊದಲಿಗೂ ಆಮ್ಯಾಲಿಗೂ ಗೊತ್ತಿಲ್ಲ.”

ಇಬ್ಬರೂ ನಗಲು ಶುರುಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು. ಅಕ್ಕ ಇಬ್ಬರನ್ನೂ ಒಳಗೆ ಕಳಿಸಿದಳು. ಒಲೆ ತಂದ ಅಂಗಡಿಯೇ ಈಗ ಇಲ್ಲ ಎಂದಳು. “ತಿಳ್ಕೊಂಡು ಏನ್ ಮಾಡ್ತೀರಿ ಅಣ್ಣಾರ? ರೊಟ್ಟಿ ಬಿಸಿ ಅದಾವ. ಉಂಡು ಹೋಗ್ರಿ.”

ಎರಡು ರೊಟ್ಟಿ ಉಂಡು ಮನೆಗೆ ಬಂದೆ. ಮಗಳಿಗೆ ಈ ಹಾಳೆಯ ವಿಷಯ ಇನ್ನೂ ಹೇಳಿಲ್ಲ. ಹೇಳಬೇಕೆಂದರೆ ಕೊನೆಯವರೆಗೆ ಹೇಳಬೇಕಾಗುತ್ತದೆ, ಕೊನೆ ನನ್ನ ಹತ್ತಿರ ಇಲ್ಲ. ಇದನ್ನು ಕೇಳಿ ತಿಳಿಯಲು ಇನ್ನು ಯಾರೂ ಉಳಿದಿಲ್ಲ. ಆ ದಿನ ನನ್ನ ಕೌಂಟರಿನ ಮುಂದೆ ನಿಂತಿದ್ದಾಗ ಅವಳಿಗೆ ಗೊತ್ತಿತ್ತೋ ಇಲ್ಲವೋ ಎಂಬುದು ನನಗೆ ಗೊತ್ತಾಗಲಿಲ್ಲ.